ಕವಲಿಗೆ ಗರಗಸ ಇಡಬೇಡಿ

ಮಾನ್ಯರೇ,

ರಸ್ತೆ ಅಗಲ ಮಾಡಲು ಉರುಳಿಸಿದ ಮರಗಳ ಫೋಟೊವನ್ನು ಕಳೆದ ವಾರ ನಿಮ್ಮ ಪತ್ರಿಕೆಯಲ್ಲಿ ನೋಡಿದೆ. ಕಡಿದದ್ದು ಸರಿಯೋ ತಪ್ಪೋ ಎಂದು ಬರೆಯುವವರು ಬೇರೆ ಇದ್ದಾರೆ. ನನ್ನ ಕಣ್ಣು ಹೋದದ್ದು ಫೋಟೊದ ಎಡ ಮೂಲೆಗೆ. ಅಲ್ಲೊಂದು ಬಾಗೆ ಮರದ ಕವಲು ಬಿದ್ದಿತ್ತು, ಎರಡೂ ಕೊಂಬೆ ನನ್ನ ತೊಡೆಗಿಂತ ದಪ್ಪ. ಗರಗಸದವನು ಸರಿಯಾಗಿ ಕೊಂಬೆಗಳು ಕೂಡುವ ಜಾಗದಲ್ಲೇ ಅಡ್ಡ ಕೊಯ್ದಿದ್ದ. ಅವತ್ತು ಬೆಳಗಿನ ಚಹಾ ಗಂಟಲಲ್ಲಿ ಇಳಿಯಲಿಲ್ಲ.

ನಾನು ದಾವಣಗೆರೆಯ ಕಾಟನ್ ಮಿಲ್ಲೊಂದರ ವರ್ಕ್‌ಶಾಪಿನಲ್ಲಿ ಟರ್ನರ್, ಅಂದರೆ ಲೇತ್ ಯಂತ್ರದಲ್ಲಿ ತಿರುಗಿಸಿ ಕಡೆಯುವ ಕೆಲಸದವನು, ಆಗಿದ್ದೆ. ಮಿಲ್ಲು ಮುಚ್ಚಿತು, ಕೈ ಸುಮ್ಮನಿರಲಿಲ್ಲ. ಗುಜರಿಯಿಂದ 1 ಎಚ್‌ಪಿ ಮೋಟಾರು, ಎರಡು ಬೇರಿಂಗು ತಂದು ಹಿತ್ತಲಿನ ತಗಡಿನ ಶೆಡ್ಡಿನಲ್ಲಿ ಮರ ಕಡೆಯುವ ಲೇತ್ ಮಾಡಿಕೊಂಡೆ. 11 ವರ್ಷದಿಂದ ಬಟ್ಟಲು ಕಡೆಯುತ್ತಿದ್ದೇನೆ. ಮರ ಬರುವುದು ಕಟ್ಟಿಗೆ ಅಡ್ಡೆಗಳಿಂದ. ಕವಲು ಬಂದರೆ ಅಡ್ಡೆಯವರಿಗೆ ತಲೆನೋವು. ನೇರ ಕೊರಡು ಒಂದೇ ಏಟಿಗೆ ಸೀಳುತ್ತದೆ, ಕವಲಿನಲ್ಲಿ ಎರಡು ಕೊಂಬೆಯ ಎಳೆಗಳೂ ಜಡೆ ಹೆಣೆದುಕೊಂಡು ಕೂತಿರುತ್ತವೆ. “ಒಯ್ಯಿರಿ ಯಜಮಾನ್ರೇ, ಇದರ ದೆಸೆಯಿಂದ ಕೊಡ್ಲಿ ಕಾವೇ ಮುರೀತು” ಎಂದು ಕೊಟ್ಟವರಿದ್ದಾರೆ. ಉಳಿದದ್ದೆಲ್ಲ ಹೋಟೆಲಿನ ಒಲೆಗೆ. ಬೆಣ್ಣೆದೋಸೆಗೆ ನಾನು ವಿರೋಧಿಯಲ್ಲ, ಭಾನುವಾರ ಎರಡು ತಿನ್ನದಿದ್ದರೆ ವಾರ ಶುರುವಾದಂತೆ ಅನ್ನಿಸುವುದಿಲ್ಲ. ಆದರೆ ಒಲೆಗೆ ನೇರ ಕಟ್ಟಿಗೆಯೇ ಸಾಕಲ್ಲ.

ಆ ಕವಲನ್ನು ಅಡ್ಡಕ್ಕಲ್ಲ, ಉದ್ದಕ್ಕೆ, ಎರಡೂ ಕೊಂಬೆಯ ತಿರುಳು ಸೇರುವ ಗೆರೆಯಲ್ಲಿ ಸೀಳಿ ನೋಡಬೇಕು. ಒಳಗೆ ನವಿಲುಗರಿ ಬಿಚ್ಚಿದ ಹಾಗೆ ಇರುತ್ತದೆ. ನಡುವೆ ಕಡುಗಂದು ದಂಟು, ಅದರ ಎರಡೂ ಕಡೆ ಹೊರಕ್ಕೆ ಬಾಗಿದ ಸಣ್ಣ ಸಣ್ಣ ಎಳೆ. ಬಟ್ಟಲು ಕಡೆದು ಬಿಸಿಲಿಗೆ ಹಿಡಿದು ತಿರುಗಿಸಿದರೆ ಮಿಂಚು ಒಂದು ಮಗ್ಗುಲಿನಿಂದ ಇನ್ನೊಂದಕ್ಕೆ ಸರಿಯುತ್ತದೆ, ಇಳಕಲ್ ಸೀರೆಯ ಸೆರಗು ಅಲುಗಿದಂತೆ. ನೇರ ದಿಮ್ಮಿಯಲ್ಲಿ ಇದು ಸಿಗುವುದಿಲ್ಲ.

ಮನೆಗೆ ಬಂದವರು ಮೊದಲು ಕೇಳುವುದು, “ಇದು ಅಕ್ರೋಟಾ?” ಅಕ್ರೋಟ್ ಎಂದರೆ ಬೆಲೆ ಕೊಡುತ್ತಾರೆ, ಬಾಗೆ ಎಂದರೆ ಬಟ್ಟಲನ್ನು ಮೆಲ್ಲಗೆ ಕೆಳಗಿಡುತ್ತಾರೆ. ನಿಜವಾದ ಅಕ್ರೋಟ್ ನನ್ನ ಕೈಗೆ ಒಮ್ಮೆ ಬಂದಿದೆ. ಬಿಎಸ್‌ಎಫ್‌ನಲ್ಲಿದ್ದ ನನ್ನ ಷಡ್ಡಕ ಶ್ರೀನಗರದ ಕೆತ್ತನೆಯವರೊಬ್ಬರು ಮೂಲೆಗೆ ಎಸೆದಿದ್ದ ಬೇರಿನ ತುಂಡೊಂದನ್ನು ಕೇಳಿ ಪಡೆದು ಟ್ರಂಕಿನಲ್ಲಿಟ್ಟು ತಂದುಕೊಟ್ಟ. ಅಲ್ಲಿ ಬೇರಿನ ಮರವೇ ಗಾಢ, ಅದೇ ದುಬಾರಿ. ಕೊಂಬೆಯದು ಬಿಳಿಚು, ಬೆಲೆಯೂ ಕಡಿಮೆ. ಆದರೆ ಆ ತುಂಡಿನಲ್ಲಿ ಎಳೆ ಸುಳಿ ಸುತ್ತಿತ್ತು, ಹೂಬಳ್ಳಿ ಕೆತ್ತಲು ಹೋದರೆ ಚೆಕ್ಕೆ ಎದ್ದು ಬರುತ್ತದೆ. ಕೆತ್ತುವವನಿಗೆ ಸಪ್ಪೆ ಎಳೆ ಬೇಕು, ನನಗೆ ಸುಳಿಯೇ ಬೇಕು. ಎಂಟಂಗುಲದ ಬಟ್ಟಲಾಯಿತು. ಉಳಿಗೆ ಎಷ್ಟು ಮೆತ್ತಗೆ ಒಗ್ಗಿತೆಂದರೆ ಸಿಪ್ಪೆ ರಿಬ್ಬನ್ನಿನ ಹಾಗೆ ಹೆಗಲ ಮೇಲಿಂದ ಹಾರುತ್ತಿತ್ತು. ಕಾಶ್ಮೀರದಲ್ಲಿ ಅಕ್ರೋಟ್ ಮರ ಕಡಿಯಲು ಅನುಮತಿ ಬೇಕು, ಅದಕ್ಕೆ 1969ರ ಕಾಯ್ದೆಯೇ ಇದೆ. ಅಲ್ಲಿಂದ ಮರ ತರಿಸುವ ಆಸೆ ನನಗಿಲ್ಲ.

ತಮಾಷೆ ಎಂದರೆ, ನಮ್ಮ ಬಾಗೆ ಮರಕ್ಕೆ ಟಿಂಬರ್ ವ್ಯಾಪಾರದಲ್ಲಿ ‘ಈಸ್ಟ್ ಇಂಡಿಯನ್ ವಾಲ್‌ನಟ್’ ಎಂಬ ಹೆಸರಿದೆ. ಅಕ್ರೋಟಿಗೂ ಇದಕ್ಕೂ ನಂಟಿಲ್ಲ. ಬಾಗೆ ಹುಣಸೆಯ ಹಾಗೆ ಕೋಡು ಬಿಡುವ ಜಾತಿ. ಬೇಸಿಗೆಯಲ್ಲಿ ಒಣಗಿದ ಕೋಡು ಗಾಳಿಗೆ ಗಲಗಲ ಎನ್ನುವುದನ್ನು ಕೇಳಿಯೇ ಇರುತ್ತೀರಿ. ಚೇಗಿನ, ಅಂದರೆ ಮರದ ಒಳಗಿನ ಗಟ್ಟಿ ಭಾಗದ, ಬಣ್ಣ ಅಕ್ರೋಟನ್ನು ನೆನಪಿಸುತ್ತದೆ, ಹೆಸರು ಬಂದದ್ದು ಅದಕ್ಕೇ ಇರಬೇಕು. ಅದರ ಪುಡಿ ಮೂಗಿಗೆ ಹೋದರೆ ಮಾತ್ರ ಸೀನು ನಿಲ್ಲುವುದಿಲ್ಲ. ಬಾಗೆ ಕಡೆದ ದಿನ ನನಗೆ ಊಟ ಜಗುಲಿಯಲ್ಲೇ.

ಈ ಕೆಲಸದಲ್ಲಿ ನಾನು ಮಾಡಿದ ದಡ್ಡತನಕ್ಕೂ ಲೆಕ್ಕವಿಲ್ಲ. ಮಿಲ್ಲಿನಲ್ಲಿ ಇಂಚಿನ ಸಾವಿರದಲ್ಲೊಂದು ಭಾಗಕ್ಕೂ ಬೈಸಿಕೊಂಡವನು ನಾನು. ಹಸಿ ಮರ ಆ ಲೆಕ್ಕಕ್ಕೆ ಬರುವುದಿಲ್ಲ, ರಾತ್ರಿ ದುಂಡಗಿಟ್ಟದ್ದು ಬೆಳಗ್ಗೆ ಮೊಟ್ಟೆಯಾಕಾರ. ಈಗ ಹತ್ತಂಗುಲದ ಬಟ್ಟಲಾದರೆ ಒಂದಂಗುಲ ದಪ್ಪ ಬಿಟ್ಟು ಒರಟಾಗಿ ಕಡೆದು, ಅದರದೇ ಸಿಪ್ಪೆ ತುಂಬಿದ ಮಂಡಕ್ಕಿ ಚೀಲದಲ್ಲಿ ಹೂತಿಡುತ್ತೇನೆ. ವಾರಕ್ಕೊಮ್ಮೆ ಕಿರಾಣಿ ಅಂಗಡಿ ತಕ್ಕಡಿಯಲ್ಲಿ ತೂಗಿ, ತೂಕ ಇಳಿಯುವುದು ನಿಂತ ಮೇಲೆ ಮತ್ತೆ ಲೇತಿಗೆ. ಎಣ್ಣೆಯ ಕಥೆ ಇನ್ನೊಂದು. ಚಳ್ಳಕೆರೆಯ ಶೇಂಗಾ ಎಣ್ಣೆ ಮನೆಯಲ್ಲೇ ಇದೆಯಲ್ಲ ಎಂದು ಮೊದಲ ಆರು ಬಟ್ಟಲಿಗೂ ಬಳಿದೆ. ಅದು ಒಣಗುವ ಎಣ್ಣೆಯಲ್ಲ. ತಿಂಗಳಾದರೂ ಕೈಗೆ ಅಂಟುತ್ತಿತ್ತು, ಆಮೇಲೆ ಕಮಟು ವಾಸನೆ. ಈಗ ಅಗಸೆ ಎಣ್ಣೆ.

ಇನ್ನು ಮೊಳೆ. ರಸ್ತೆ ಬದಿಯ ಮರಕ್ಕೆ ಟ್ಯೂಷನ್ ಬೋರ್ಡು, ಬಾಡಿಗೆ ಮನೆ ಬೋರ್ಡು ಹೊಡೆಯುವವರಲ್ಲಿ ಕೈಮುಗಿದು ಕೇಳುತ್ತೇನೆ, ದಾರದಲ್ಲಿ ಕಟ್ಟಿ. ಮರ ಮೊಳೆಯನ್ನು ನುಂಗಿ ಮೇಲೆ ತೊಗಟೆ ಹೊದ್ದುಕೊಂಡಿರುತ್ತದೆ. ಹೋದ ಶ್ರಾವಣದಲ್ಲಿ ತಿರುಗುವ ಮರದೊಳಗೆ ಅಂಥದ್ದೊಂದು ಸಿಕ್ಕಿ ಉಳಿಯ ಬಾಯಿ ಎಗರಿ ತಗಡಿಗೆ ಬಡಿಯಿತು. ನನ್ನ ಕನ್ನಡಕ ಉಳಿಯಿತು, ಅಷ್ಟು ಪುಣ್ಯ.

ಈಗ ಮುಖ್ಯ ಮಾತು. ನಮ್ಮ ರಾಜ್ಯದ 1976ರ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ಮರ ಕಡಿಯಲು ಅನುಮತಿ ಪತ್ರ ಬೇಕು. ಅರಣ್ಯ ಇಲಾಖೆ ಆ ಪತ್ರದಲ್ಲಿ ಎರಡು ಸಾಲು ಸೇರಿಸಲಿ. ಕವಲು ಕೂಡುವ ಜಾಗದಿಂದ ಕೆಳಗೆ ಒಂದೂವರೆ ಅಡಿ, ಮೇಲೆ ಒಂದು ಅಡಿ ಬಿಟ್ಟು ಕೊಯ್ಯಬೇಕು ಎಂದೊಂದು. ಕೊಯ್ದ ದಿನವೇ ಕವಲಿನ ತುದಿಗಳಿಗೆ ಮೇಣವನ್ನೋ ಹಳೇ ಪೇಂಟನ್ನೋ ಬಳಿಯಬೇಕು ಎಂದು ಇನ್ನೊಂದು, ಏಕೆಂದರೆ ನಮ್ಮೂರ ಏಪ್ರಿಲ್ ಬಿಸಿಲಿಗೆ ಎರಡೇ ದಿನದಲ್ಲಿ ಬಿರುಕು ಹೊರಡುತ್ತದೆ. ಹರಾಜಿನಲ್ಲೂ ಲಾರಿ ಲೆಕ್ಕದ ಲಾಟ್ ಮಾತ್ರ ಕೂಗಿದರೆ ನನ್ನಂಥವನು ಏನು ಮಾಡಬೇಕು? ನನಗೆ ಬೇಕಾದದ್ದು ಎರಡು ಕವಲು. ಅವನ್ನು ಬೇರೆಯಾಗಿ ಪೇರಿಸಿ, ಒಂದೊಂದಕ್ಕೂ ರಸೀದಿ ಕೊಟ್ಟು ಮಾರಲಿ. ಆಟೊದಲ್ಲಿ ತರುವಾಗ ಯಾರಾದರೂ ತಡೆದರೆ ತೋರಿಸಲು ಕಾಗದವೂ ಆಯಿತು. ಇಲಾಖೆಗೆ ಕಟ್ಟಿಗೆಗಿಂತ ಹೆಚ್ಚು ಹಣ ಬರುತ್ತದೆ, ಒಂದು ಕವಲಿಗೆ ಒಲೆಯವರಿಗಿಂತ ಮೂರು ಪಟ್ಟು ಕೊಡಲು ನಾನೇ ತಯಾರಿದ್ದೇನೆ.

ಫೋಟೊ ಬಂದ ದಿನ ಮಧ್ಯಾಹ್ನವೇ ಆ ಜಾಗ ಹುಡುಕಿಕೊಂಡು ಸೈಕಲ್ಲಿನಲ್ಲಿ ಹೋಗಿದ್ದೆ. ಕೊಂಬೆಗಳು ಆಗಲೇ ಲಾರಿ ಹತ್ತಿದ್ದವು. ಕವಲಿನ ಸಂದಿನ ಒಂದು ಹೋಳು, ನಾಲ್ಕು ಅಂಗುಲ ದಪ್ಪದ್ದು, ಚರಂಡಿ ಪಕ್ಕದಲ್ಲಿ ಉಳಿದಿತ್ತು. ತಂದು ಮೇಣ ಬಳಿದಿಟ್ಟಿದ್ದೇನೆ. ಬಿರುಕು ಬಿಡದಿದ್ದರೆ ಉಪ್ಪಿನ ಬಟ್ಟಲು ಆದೀತು.

— ನಿವೃತ್ತ ಟರ್ನರ್, ದಾವಣಗೆರೆ