ತಿಂಗಳ ಪಾಸಿನ ಲಾಭ ದಿನದ ಟಿಕೆಟಿನವನಿಗೂ ಸಿಗಲಿ: ಸಾರಿಗೆ ಸಚಿವರಿಗೆ ಬಳ್ಳಾರಿಯಿಂದ ಬಹಿರಂಗ ಪತ್ರ

ಮಾನ್ಯ ಸಾರಿಗೆ ಸಚಿವರಿಗೆ,

ಬಳ್ಳಾರಿಯಿಂದ ನಮಸ್ಕಾರಗಳು.

ನಾನು ಇಲ್ಲಿನ ಒಂದು ಜೀನ್ಸ್ ಹೊಲಿಗೆ ಘಟಕದಲ್ಲಿ ಲೆಕ್ಕ ಬರೆಯುವವನು. ಪ್ರತಿ ಶನಿವಾರ ಸಂಜೆ ಬಟವಾಡೆ ಮಾಡುವುದು ನನ್ನ ಕೆಲಸ. ಹೊಲಿಯುವವರು, ಬಟ್ಟೆ ಕತ್ತರಿಸುವವರು, ಗುಂಡಿ ಹಾಕುವವರು ಸಾಲಾಗಿ ಬಂದು ಸಹಿ ಮಾಡಿ ಹಣ ಎಣಿಸಿಕೊಳ್ಳುತ್ತಾರೆ. ಕುರುಗೋಡು, ಸಿರುಗುಪ್ಪ ಕಡೆಯ ಹಳ್ಳಿಗಳಿಂದ ದಿನವೂ ಬಸ್ಸಿನಲ್ಲಿ ಬರುವವರು ಅವರಲ್ಲಿ ಅನೇಕರಿದ್ದಾರೆ. ಎಣಿಸಿದ ಹಣದಲ್ಲಿ ಮುಂದಿನ ವಾರದ ಬಸ್ ಚಾರ್ಜನ್ನು ಅಲ್ಲಿಯೇ ಮಡಚಿ ಬೇರೆ ಜೇಬಿಗೆ ಇಟ್ಟುಕೊಳ್ಳುವುದನ್ನು ಪ್ರತಿ ವಾರ ನೋಡುತ್ತೇನೆ.

2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ನಮ್ಮ ಘಟಕದ ಹೆಣ್ಣುಮಕ್ಕಳಿಗೆ ಆ ಚಿಂತೆ ತಪ್ಪಿದೆ. ಇದಕ್ಕೆ ನಾನು ಮನಸಾರೆ ಕೃತಜ್ಞ. ಈ ಪತ್ರ ಬರೆಯುತ್ತಿರುವುದು ಟಿಕೆಟ್ ಕೊಂಡು ಬರುವ ಗಂಡಸರ ಪರವಾಗಿ. 2025ರ ಜನವರಿ 5ರಿಂದ ದರ ಶೇ 15ರಷ್ಟು ಏರಿದಾಗ ಅದರ ಭಾರ ನೇರವಾಗಿ ಬಿದ್ದದ್ದು ಇವರ ಮೇಲೆ.

ಒಬ್ಬ ಹುಡುಗನನ್ನು ಕೇಳಿದೆ: "ತಿಂಗಳ ಪಾಸು ಮಾಡಿಸಿಕೊಳ್ಳಬಾರದೇನಪ್ಪಾ? ಅಗ್ಗವಾಗುತ್ತದೆ." ಅವನು ಹೇಳಿದ: "ಅಣ್ಣಾ, ಒಂದನೇ ತಾರೀಖಿಗೆ ಅಷ್ಟು ದುಡ್ಡು ಒಟ್ಟಿಗೆ ಎಲ್ಲಿಂದ ತರಲಿ? ತಂದರೂ ಈ ತಿಂಗಳು ಎಷ್ಟು ದಿನ ಕೆಲಸವಿದೆ ಎಂದು ನೀವೇ ಹೇಳಲಾರಿರಿ." ನಿಜ, ನಾನು ಹೇಳಲಾರೆ. ಆರ್ಡರು ಇದ್ದಷ್ಟು ದಿನ ಕೆಲಸ.

ಅವನ ಲೆಕ್ಕವನ್ನು ಕಾಗದದ ಮೇಲೆ ಬರೆದು ನೋಡಿದೆ. ಒಂದು ಕಡೆಗೆ 30 ರೂಪಾಯಿ, ಪಾಸಿಗೆ 1200 ರೂಪಾಯಿ ಎಂದು ಇಟ್ಟುಕೊಳ್ಳೋಣ. ತಿಂಗಳಿಗೆ 25 ದಿನ ಓಡಾಡಿದರೆ ಟಿಕೆಟಿಗೆ 1500 ರೂಪಾಯಿ. ಪಾಸು ಕೊಂಡವನಿಗೆ 300 ಉಳಿಯುತ್ತದೆ. ಕೆಲಸ ಹದಿನಾಲ್ಕೇ ದಿನ ಸಿಕ್ಕಿದರೆ ಟಿಕೆಟಿಗೆ 840 ಸಾಕು. ಪಾಸು ಕೊಂಡವನು 360 ಕಳೆದುಕೊಳ್ಳುತ್ತಾನೆ. ಆದ್ದರಿಂದ ಅವನು ಪಾಸು ಕೊಳ್ಳದಿರುವುದು ತಿಳಿವಳಿಕೆಯ ಕೊರತೆಯಿಂದಲ್ಲ. ಕೆಲಸ ಹೆಚ್ಚು ಸಿಕ್ಕಿದ ತಿಂಗಳು ಅವನು ಪಾಸು ಕೊಂಡ ಸಂಬಳದಾರನಿಗಿಂತ 300 ಹೆಚ್ಚು ಕೊಡುತ್ತಾನೆ. ಅದೇ ಬಸ್ಸು, ಅದೇ ಸೀಟು. ಕಡಿಮೆ ಗಳಿಸುವವನಿಗೆ ಹೆಚ್ಚು ದರ. ಇದು ಯಾರೂ ಬೇಕೆಂದು ಮಾಡಿದ ಅನ್ಯಾಯವಲ್ಲ. ಮುಂಗಡ ಹಣ ಕೇಳುವ ಪಾಸಿನ ಸ್ವಭಾವವೇ ಹಾಗೆ.

ಈ ತೊಡಕಿಗೆ ಬೇರೆ ಊರುಗಳು ಪರಿಹಾರ ಕಂಡುಕೊಂಡಿವೆ. ಅದರ ಹೆಸರು ಪ್ರಯಾಣ ದರದ ಮಿತಿ: ಕೊಟ್ಟ ಹಣ ಇಂತಿಷ್ಟು ಮುಟ್ಟಿದ ಮೇಲೆ ಮುಂದಿನ ಪ್ರಯಾಣಕ್ಕೆ ದುಡ್ಡಿಲ್ಲ. ಲಂಡನ್ನಿನಲ್ಲಿ ಯಂತ್ರಕ್ಕೆ ತಾಗಿಸಿ ಪ್ರಯಾಣಿಸುವ ಆಯ್ಸ್ಟರ್ ಕಾರ್ಡು 2003ರಲ್ಲಿ ಬಂತು, ದಿನದ ಮಿತಿ 2005ರಲ್ಲಿ. 2025ರ ದರದಂತೆ ಅಲ್ಲಿ ಬಸ್ಸಿಗೆ ಒಂದು ಸಲಕ್ಕೆ 1.75 ಪೌಂಡ್, ಬಸ್ಸಿನಲ್ಲಷ್ಟೇ ಓಡಾಡುವವನಿಗೆ ದಿನದ ಮಿತಿ 5.25 ಪೌಂಡ್. ಅಂದರೆ ಮೂರು ಸಲ ಹಣ ಕಡಿತವಾದ ಮೇಲೆ ಅಂದು ಎಷ್ಟು ಬಸ್ಸು ಹತ್ತಿದರೂ ದುಡ್ಡಿಲ್ಲ. ಸೋಮವಾರದಿಂದ ಭಾನುವಾರದವರೆಗೆ ವಾರದ ಮಿತಿಯೂ ಇದೆ. ನ್ಯೂಯಾರ್ಕಿನಲ್ಲಿ ಏಳು ದಿನಗಳಲ್ಲಿ ಹನ್ನೆರಡು ಸಲ ಪ್ರಯಾಣಿಸಿದರೆ ಆ ಅವಧಿಯ ಮಿಕ್ಕ ಪ್ರಯಾಣ ಉಚಿತ. ಬೆಳಿಗ್ಗೆಯೇ "ಇವತ್ತು ಪಾಸು ಕೊಳ್ಳಲೋ, ಬೇಡವೋ" ಎಂದು ಯೋಚಿಸುವ ಕೆಲಸ ಪ್ರಯಾಣಿಕನಿಗೆ ಇಲ್ಲ. ಟಿಕೆಟುಗಳು ಕೂಡುತ್ತಾ ಕೂಡುತ್ತಾ ತಾವಾಗಿಯೇ ಪಾಸಾಗುತ್ತವೆ.

ನಮ್ಮಲ್ಲಿ ಇದು ಆಗದ ಮಾತೇನಲ್ಲ. 2019ರ ಮಾರ್ಚಿನಲ್ಲಿ ದೇಶದ ಬಸ್ಸು, ಮೆಟ್ರೊಗಳಿಗೆಲ್ಲ ಒಂದೇ ಪ್ರಯಾಣ ಕಾರ್ಡು ಎಂದು ತಂದ ಎನ್‌ಸಿಎಂಸಿ ಕಾರ್ಡನ್ನು ನಮ್ಮ ಮೆಟ್ರೊ ಈಗಾಗಲೇ ಸ್ವೀಕರಿಸುತ್ತಿದೆ. ಅದರ ಚಿಪ್ಪಿನಲ್ಲಿ 2000 ರೂಪಾಯಿವರೆಗೆ ಹಣ ಇಡಬಹುದು. ನೆಟ್‌ವರ್ಕ್ ಇಲ್ಲದ ಕಡೆಯೂ ಅದು ಕಡಿತವಾಗುತ್ತದೆ. ಹಳ್ಳಿ ದಾರಿಯ ಬಸ್ಸಿಗೆ ಇದು ಬಹಳ ಮುಖ್ಯ. ಸಾರಿಗೆ ಸಂಸ್ಥೆಯ ಪಾಸನ್ನು ಬರೆದಿಡಲು ಆ ಚಿಪ್ಪಿನಲ್ಲಿಯೇ ಜಾಗವಿದೆ. ಇನ್ನು ನಮ್ಮ ಕಂಡಕ್ಟರ ಕೈಯಲ್ಲಿರುವ ಯಂತ್ರಕ್ಕೆ ಶೂನ್ಯ ಟಿಕೆಟ್ ಕೊಡುವುದು ಹೊಸದಲ್ಲ. ಹೆಣ್ಣುಮಕ್ಕಳಿಗೆ 2023ರಿಂದ ದಿನವೂ ಕೊಡುತ್ತಿದೆ. ಒಂದೇ ದಾರಿಯಲ್ಲಿ ಓಡಾಡುವವನು ತಿಂಗಳಲ್ಲಿ ಈ ಕಾರ್ಡಿನಿಂದ ಕೊಟ್ಟ ಹಣ ಆ ದಾರಿಯ ಪಾಸಿನ ದರವನ್ನು ಮುಟ್ಟಿದ ಮೇಲೆ ಅವನಿಗೂ ಶೂನ್ಯ ಟಿಕೆಟ್ ಬರಲಿ. ನನ್ನ ಬೇಡಿಕೆ ಇಷ್ಟೇ. ಮೇಲಿನ ಲೆಕ್ಕದಲ್ಲಿ ಇಪ್ಪತ್ತನೆಯ ದಿನಕ್ಕೆ ಹುಡುಗನ 1200 ಭರ್ತಿಯಾಗುತ್ತದೆ, ಉಳಿದ ಐದು ದಿನ ಅವನದು. ಕೆಲಸ ಸಿಗದ ತಿಂಗಳು ಅವನು ಕೊಡುವುದು ಓಡಾಡಿದ ದಿನಗಳದ್ದನ್ನು ಮಾತ್ರ.

ಇದರಿಂದ ಆದಾಯ ಕಡಿಮೆಯಾಗುತ್ತದೆ ಎಂಬುದನ್ನು ಲೆಕ್ಕ ಬರೆಯುವವನಾಗಿ ನಾನು ಮರೆಮಾಚುವುದಿಲ್ಲ. ಆ ವ್ಯತ್ಯಾಸವನ್ನು ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದ ತಲೆಗೆ ಕಟ್ಟಬೇಡಿ, ಸರ್ಕಾರವೇ ತುಂಬಿಕೊಡಲಿ. ಮೊದಲು ಬಳ್ಳಾರಿ ವಿಭಾಗದ ಎರಡು ಮೂರು ದಾರಿಗಳಲ್ಲಿ ಆರು ತಿಂಗಳು ಮಾಡಿ ನೋಡಿದರೆ ಖರ್ಚೆಷ್ಟು ಎಂಬುದು ಗೊತ್ತಾಗುತ್ತದೆ.

ಕಾರ್ಡು ತರುವಾಗ ಅದರ ಜೊತೆಗೆ ಬರುವ ಶುಲ್ಕಗಳ ಬಗ್ಗೆಯೂ ಹೇಳಲೇಬೇಕು. ಬೇರೊಂದು ಊರಿನಲ್ಲಿ ಕೊಂಡ ಕಾರ್ಡೊಂದು ನನ್ನ ಪೆಟ್ಟಿಗೆಯಲ್ಲಿ ಬಿದ್ದಿದೆ. ಅದರಲ್ಲಿ 140 ರೂಪಾಯಿ ಇದೆ. ಅದನ್ನು ಹೇಗೆ ಹಿಂದಕ್ಕೆ ಪಡೆಯಬೇಕೆಂದು ಕೊಟ್ಟವರು ಹೇಳಲಿಲ್ಲ. ನನಗೆ 140 ಹೋದರೆ ಊಟ ತಪ್ಪುವುದಿಲ್ಲ. ದಿನಗೂಲಿಯವನಿಗೆ ಅದು ಎರಡು ದಿನದ ಬಸ್ ಚಾರ್ಜು. ಕಾರ್ಡಿನ ಬೆಲೆ ಎಷ್ಟು, ಹಣ ತುಂಬಿಸಲು ಶುಲ್ಕವಿದೆಯೇ, ಉಳಿದ ಹಣ ಯಾವ ಕೌಂಟರಿನಲ್ಲಿ ಮರಳಿ ಸಿಗುತ್ತದೆ ಎಂಬುದನ್ನು ಪ್ರತಿ ಬಸ್ ನಿಲ್ದಾಣದಲ್ಲಿ ದೊಡ್ಡ ಕನ್ನಡ ಅಕ್ಷರಗಳಲ್ಲಿ ಬರೆಸಿ. ಚಿಪ್ಪಿನಲ್ಲಿರುವ ಹಣ ಕೈಯಲ್ಲಿರುವ ನೋಟಿನಂತೆ. ಕಾರ್ಡು ಕಳೆದುಹೋದರೆ ಸಿಕ್ಕವರು ಪಿನ್ ಇಲ್ಲದೆಯೇ ಬಳಸಬಹುದು. ಇದನ್ನು ಕಾರ್ಡು ಕೊಡುವ ದಿನವೇ ಬಾಯಿಬಿಟ್ಟು ಹೇಳಬೇಕು.

ಲಂಡನ್ನಿನ ಸುರಂಗ ರೈಲಿನಲ್ಲಿ ಇಳಿಯುವಾಗ ಕಾರ್ಡು ತಾಗಿಸಲು ಮರೆತರೆ ಗರಿಷ್ಠ ದರ ಕಡಿತವಾಗುತ್ತದೆ. ಈ ಪದ್ಧತಿಯನ್ನು ದಯವಿಟ್ಟು ಇಲ್ಲಿಗೆ ತರಬೇಡಿ. ನಮ್ಮ ಬಸ್ಸಿನಲ್ಲಿ "ಎಲ್ಲಿಗೆ?" ಎಂದು ಕೇಳುವ ಕಂಡಕ್ಟರಿದ್ದಾರೆ. ಅವರು ಸ್ಟೇಜು ಒತ್ತಿದ ಮೇಲೆ ಒಂದೇ ಸಲ ಕಾರ್ಡು ತಾಗಿಸಿದರೆ ಸಾಕು. ಕಿಕ್ಕಿರಿದ ಬಸ್ಸಿನಲ್ಲಿ ಮೂಟೆ ಹಿಡಿದು ಇಳಿಯುವ ಮುದುಕ ಬಾಗಿಲ ಬಳಿ ಯಂತ್ರ ಹುಡುಕುವಂತಾಗಬಾರದು. ಕಾರ್ಡು ಬೇಡವೆನ್ನುವವನ ನೋಟಿಗೂ ಟಿಕೆಟ್ ಸಿಗುತ್ತಲೇ ಇರಲಿ.

ಯಂತ್ರಗಳನ್ನು ಕೊಂಡಾದ ಮೇಲೆ ಬದಲಾವಣೆ ಕೇಳಿದರೆ ಖರ್ಚು ಹೆಚ್ಚು, ನೆಪಗಳೂ ಹೆಚ್ಚು. ಆದ್ದರಿಂದ ಮುಂದಿನ ಟೆಂಡರಿನ ಷರತ್ತುಗಳಲ್ಲಿಯೇ ದರದ ಮಿತಿಯನ್ನು ಸೇರಿಸಬೇಕೆಂದು ಕೋರುತ್ತೇನೆ. ಷರತ್ತು ಬರೆಯುವ ಅಧಿಕಾರಿಗಳು ಒಂದು ಶನಿವಾರ ಸಂಜೆ ನಮ್ಮ ಘಟಕಕ್ಕೆ ಬಂದರೆ ಹುಡುಗರ ಬಸ್ ಚಾರ್ಜಿನ ಲೆಕ್ಕವನ್ನು ಅವರ ಬಾಯಿಂದಲೇ ಕೇಳಬಹುದು. ಬಟವಾಡೆ ಆರು ಗಂಟೆಗೆ ಶುರುವಾಗುತ್ತದೆ.

ಇಂತಿ ತಮ್ಮ ವಿಶ್ವಾಸಿ,
ಬಳ್ಳಾರಿಯ ಒಬ್ಬ ಲೆಕ್ಕಿಗ