ಜವಾನನನ್ನೂ ಕೇಳಿ ಅಳೆಯಿರಿ

ಮಾನ್ಯರೇ,

ಸೇನಾಧಿಕಾರಿಯಾಗಬಯಸುವ ಯುವಜನರ ನಾಯಕತ್ವವನ್ನು ಬೆಂಗಳೂರೂ ಸೇರಿದಂತೆ ಹಲವು ಆಯ್ಕೆ ಕೇಂದ್ರಗಳಲ್ಲಿ ಐದು ದಿನ, 15 ಗುಣಗಳ ಆಧಾರದ ಮೇಲೆ ಒರೆಗೆ ಹಚ್ಚುತ್ತಾರೆ. ಅವರು ಪಲ್ಟಣಕ್ಕೆ (ಬೆಟಾಲಿಯನ್‌ಗೆ) ಬಂದ ಮೇಲೆ ವಾರ್ಷಿಕ ಗೌಪ್ಯ ವರದಿ ಬರೆಯುವವರು ಮೇಲಧಿಕಾರಿಗಳು. ಪದಾತಿದಳದಲ್ಲಿ ಹವಾಲ್ದಾರನಾಗಿ ನಿವೃತ್ತನಾದ ನನ್ನನ್ನು, ಕಂಪನಿ ಕಮಾಂಡರ್ ಮೇಲೆ ನಿನಗೆ ಭರವಸೆ ಇದೆಯೇ ಎಂದು ಯಾರೂ ಒಮ್ಮೆಯೂ ಕೇಳಲಿಲ್ಲ. ಅಧಿಕಾರಿಗಳೂ ಜವಾನರೂ ಒಟ್ಟಿಗೆ ಸೇರುವ ಸೈನಿಕ ಸಮ್ಮೇಳನದಲ್ಲಿ ಅಹವಾಲು ಹೇಳಿಕೊಳ್ಳಲು ಅವಕಾಶವಿದೆ, ನಿಜ. ಆದರೆ ಅದೇ ಅಧಿಕಾರಿ ಮುಂದಿನ ಸಾಲಿನಲ್ಲಿ ಕುಳಿತಿರುವಾಗ ಎದ್ದು ನಿಂತು ಅವರ ಬಗ್ಗೆ ಮಾತನಾಡಿದ ಜವಾನನನ್ನು ನಾನು ಕಂಡಿಲ್ಲ.

ಎರಡನೇ ಮಹಾಯುದ್ಧದಲ್ಲಿ ಸೋಲು ಎದುರಿಗಿದ್ದರೂ ಜರ್ಮನ್ ಸೈನಿಕರು ಏಕೆ ಹೋರಾಡಿದರು ಎಂಬುದನ್ನು ಅಧ್ಯಯನ ಮಾಡಿದ ಸಮಾಜಶಾಸ್ತ್ರಜ್ಞರಾದ ಎಡ್ವರ್ಡ್ ಶಿಲ್ಸ್ ಮತ್ತು ಮೋರಿಸ್ ಜನೋವಿಟ್ಜ್, ನಾಜಿ ಪಕ್ಷದ ಸಿದ್ಧಾಂತಕ್ಕಿಂತ ಪಕ್ಕದಲ್ಲಿದ್ದ ಜೊತೆಗಾರರೇ ಅವರನ್ನು ಹಿಡಿದು ನಿಲ್ಲಿಸಿದ್ದರು ಎಂದು 1948ರಲ್ಲಿ ಬರೆದರು. ಅಮೆರಿಕದ ಸೇನೆಯಂತೂ ಆ ಯುದ್ಧಕಾಲದಲ್ಲೇ ಸಮಾಜಶಾಸ್ತ್ರಜ್ಞ ಸ್ಯಾಮ್ಯುಯೆಲ್ ಸ್ಟೌಫರ್ ಅವರ ತಂಡದ ಮೂಲಕ ಲಕ್ಷಾಂತರ ಸೈನಿಕರಿಗೆ, ಹೆಸರು ಬರೆಯಬೇಕಿಲ್ಲದ ಪ್ರಶ್ನಾವಳಿ ಕೊಟ್ಟು ಅವರ ಮನಸ್ಸನ್ನು ತಿಳಿದುಕೊಂಡಿತು.

ನಮಗೆ ಇದು ತುರ್ತಾಗಿರುವುದು, ಯುವಕರನ್ನು ಅಗ್ನಿವೀರರೆಂದು ನಾಲ್ಕು ವರ್ಷಕ್ಕೆ ಸೇರಿಸಿಕೊಳ್ಳುವ ಅಗ್ನಿಪಥ ಯೋಜನೆಯಿಂದಾಗಿ. 2022ರ ಘೋಷಣೆಯಂತೆ, ನಾಲ್ಕು ವರ್ಷಗಳ ಬಳಿಕ ಪ್ರತಿ ತಂಡದಲ್ಲಿ ಗರಿಷ್ಠ ಶೇ 25ರಷ್ಟು ಮಂದಿ ಸೇನೆಯಲ್ಲಿ ಉಳಿಯುತ್ತಾರೆ. ನಮ್ಮ ಕಾಲದಲ್ಲಿ ರಾತ್ರಿಯ ರೂಟ್ ಮಾರ್ಚ್‌ನಲ್ಲಿ ಒಬ್ಬ ಕುಂಟತೊಡಗಿದರೆ ಅವನ ಎಲ್‌ಎಂಜಿ (ಲಘು ಮೆಷಿನ್ ಗನ್) ಯಾರ ಆಜ್ಞೆಯೂ ಇಲ್ಲದೆ ಪಕ್ಕದವನ ಹೆಗಲೇರುತ್ತಿತ್ತು; ಇನ್ನೊಂದು ಮೈಲಿ ಕಳೆದರೆ ಮೂರನೆಯವನ ಹೆಗಲಿಗೆ. ಕುಂಟುತ್ತಿರುವವನು ತನ್ನ ನೌಕರಿಗೆ ಪೈಪೋಟಿ ಎಂಬ ಎಣಿಕೆ ಇಂದಿನ ಹುಡುಗರ ಮನಸ್ಸಿನಲ್ಲಿ ಸುಳಿಯುತ್ತಿದೆಯೋ ಇಲ್ಲವೋ ಎಂಬುದನ್ನು ನಮ್ಮಂಥವರು ಊಹಿಸಿ ಹೇಳುವುದು ಅವರಿಗೆ ಮಾಡುವ ಅನ್ಯಾಯ. ಅವರನ್ನೇ ಕೇಳಬೇಕು.

ದೆಹಲಿಯ ರಕ್ಷಣಾ ಮನೋವೈಜ್ಞಾನಿಕ ಸಂಶೋಧನಾ ಸಂಸ್ಥೆಯಂಥ, ಪಲ್ಟಣದ ಹೊರಗಿನವರು ಈ ಕೆಲಸ ಮಾಡಲಿ. ಜವಾನರು ತಮ್ಮ ತಾಯ್ನುಡಿಯಲ್ಲೇ ಉತ್ತರಿಸಲಿ. ಜೊತೆಗಾರರ ಒಗ್ಗಟ್ಟನ್ನೂ ನಾಯಕನ ಮೇಲಿನ ನಂಬಿಕೆಯನ್ನೂ ಬೇರೆ ಬೇರೆಯಾಗಿಯೇ ಅಳೆಯಬೇಕು, ಏಕೆಂದರೆ ಅಧಿಕಾರಿಯ ವಿರುದ್ಧ ಒಂದಾದ ಸೆಕ್ಷನ್‌ನಲ್ಲೂ (ಸುಮಾರು ಹತ್ತು ಜವಾನರ ತುಕಡಿಯಲ್ಲೂ) ಒಗ್ಗಟ್ಟು ಇದ್ದೇ ಇರುತ್ತದೆ. ಹತ್ತು ಮಂದಿಯ ನಡುವೆ ಕೈಬರಹವೇ ಗುರುತು ಹೇಳಿಬಿಡುವುದರಿಂದ ಉತ್ತರಗಳು ಟಿಕ್ ಗುರುತಿನಲ್ಲಷ್ಟೇ ಇರಲಿ. ಅಂಕಗಳನ್ನು ಯಾರ ಬಡ್ತಿಗೂ ಜೋಡಿಸಬಾರದು. ಜೋಡಿಸಿದರೆ ಹೇಳಿ ಬರೆಸಿದ ಉತ್ತರಗಳೇ ಕೈಸೇರುತ್ತವೆ. ಮೊದಲು, ನಾಲ್ಕು ವರ್ಷ ಮುಗಿಸಿ ಊರಿಗೆ ಹೊರಟ ಅಗ್ನಿವೀರರನ್ನು ಕೇಳಲಿ. ಅವರಿಗೆ ಅಂಜಬೇಕಾದ ಕಾರಣ ಉಳಿದಿರುವುದಿಲ್ಲ, ಕಂಡದ್ದು ಇನ್ನೂ ಹಸಿಯಾಗಿರುತ್ತದೆ.

– ನಿವೃತ್ತ ಹವಾಲ್ದಾರ್, ಬೆಳಗಾವಿ