ದುಬೈಯಲ್ಲಿರುವ ಗೆಳೆಯನಿಗೆ, ಶಾಂಭವಿ ಹೊಳೆಯಿಂದ

ಮಾರಾಯ,

ಫೋನಿನಲ್ಲಿ ಹೇಳಿದರೆ ನೀನು ನಡುವೆ ನಗುತ್ತೀಯ. ಅದಕ್ಕೇ ಎಲ್ಲರ ಎದುರಿಗೆ ಬರೆಯುತ್ತಿದ್ದೇನೆ. ಮೂಲ್ಕಿಯಲ್ಲಿ ಸ್ಟ್ಯಾಂಡ್ ಅಪ್ ಪ್ಯಾಡಲ್ ಬೋರ್ಡ್ ಕಲಿಯುತ್ತಿದ್ದೇನೆ, ಅಂದರೆ ತೇಲುವ ಹಲಗೆಯ ಮೇಲೆ ನಿಂತು ಹುಟ್ಟು ಹಾಕುತ್ತಾ ಹೋಗುವುದು. "ನಿಂತುಕೊಂಡು ಹೋಗಲಿಕ್ಕೆ ಬಸ್ಸು ಇಲ್ವಾ?" ಅಂತ ಕೇಳುತ್ತಿದ್ದೆಯಲ್ಲ, ಅದೇ.

ಕೂತು ಹುಟ್ಟು ಹಾಕುವ ಸಣ್ಣ ದೋಣಿ, ಕಯಾಕ್, ಗೊತ್ತಿದ್ದವರಿಗೆ ಇದು ಸುಲಭ ಅಂತ ಜನ ಅಂದುಕೊಳ್ಳುತ್ತಾರೆ. ಅರ್ಧ ನಿಜ. ನೀರು ಯಾವ ಕಡೆ ಎಳೆಯುತ್ತಿದೆ, ಗಾಳಿ ಯಾವಾಗ ತಿರುಗುತ್ತದೆ ಅನ್ನುವುದು ತಾನಾಗಿ ತಿಳಿಯುತ್ತದೆ. ತೋಳಿನಿಂದಲ್ಲ, ಮೈ ತಿರುಗಿಸಿ ಹುಟ್ಟು ಹಾಕುವ ಅಭ್ಯಾಸವೂ ಕೈ ಹಿಡಿಯುತ್ತದೆ. ಉಳಿದದ್ದನ್ನು ಕಾಲು ಹೊಸದಾಗಿ ಕಲಿಯಬೇಕು. ಬೋರ್ಡು ಸುಮಾರು 10.5 ಅಡಿ ಉದ್ದ, 32 ಇಂಚು ಅಗಲ. ಕೂತಾಗ ನೀರಿನ ಹತ್ತಿರವೇ ಇದ್ದ ಮೈಭಾರ ಈಗ ಮೇಲಕ್ಕೆ ಹೋಗಿರುತ್ತದೆ. ಪಾದ ನೋಡಿದರೆ ಮೈ ವಾಲುತ್ತದೆ, ದೂರದ ದಡ ನೋಡಬೇಕು. ಬೆರಳುಗಳು ಬೋರ್ಡನ್ನು ಬಿಗಿಯಾಗಿ ಒತ್ತಿ ಹಿಡಿದು ಜೋಮು ಹಿಡಿಯುತ್ತವೆ. ಹುಟ್ಟಿಗೆ ಒಂದೇ ಅಲಗು, ಅದೂ ಮುಂದಕ್ಕೆ ಬಾಗಿರುತ್ತದೆ. ಬಲಗಡೆ ಹಾಕಿದರೆ ಬೋರ್ಡು ಎಡಕ್ಕೆ ತಿರುಗುತ್ತದೆ, ಆಗಾಗ ಕಡೆ ಬದಲಿಸಬೇಕು. ಬಿಸಿಲೇರಿ ಕಡಲ ಗಾಳಿ ಎದ್ದರೆ ನಿಂತ ಮೈಯೇ ಹಾಯಿ. ಆಗ ಮಂಡಿಯೂರಿ ಹುಟ್ಟು ಹಾಕುವುದೇ ದಾರಿ.

ಆದರೆ ನಿಂತರೆ ಕಾಣುವುದು ಬೇರೆಯೇ. ಇಳಿತದ ಹೊತ್ತಿಗೆ ಅಡಿಯ ಮರಳು ಕಾಣುತ್ತದೆ. ಉಪ್ಪುನೀರಿನ ದಡದಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ಬೇರಿನ ಆಚೆಗೂ ಕಣ್ಣು ಹೋಗುತ್ತದೆ. ಮರುವಾಯಿ (ಚಿಪ್ಪುಮೀನು) ಹೆಕ್ಕುವವರು ಎಲ್ಲಿ ನಿಂತಿದ್ದಾರೆ ಅಂತ ದೂರದಿಂದಲೇ ಗೊತ್ತಾಗುತ್ತದೆ.

ಇದನ್ನೆಲ್ಲ ಬಿಟ್ಟು ಇನ್ನೊಂದು ವಿಷಯ ಹೇಳಬೇಕು. ನೀನು ಹೋದ ಮೇಲೆ ನಮ್ಮ ಇಬ್ಬರ ಕಯಾಕಿನಲ್ಲಿ ನಾನೊಬ್ಬನೇ ಹೋಗುತ್ತಿದ್ದೆ. ಒಬ್ಬನೇ ಮುಂದೆ ಕೂತರೆ ಅದರ ತುದಿ ನೀರಿಗೆ ಬಾಗುತ್ತದೆ, ಮಾತು ಕೇಳುವುದಿಲ್ಲ. ಹಾಗಾಗಿ ನಿನ್ನ ಜಾಗದಲ್ಲಿ, ಹಿಂದೆ ಕೂತೆ. ಅಲ್ಲಿಂದ ಮುಂದಿನ ಸೀಟು ಪೂರ್ತಿ ಕಾಣುತ್ತದೆ. ಅಲ್ಲಿ ಕೂತವನ ಬೆನ್ನು, ಹೆಗಲು, ಕತ್ತು, ಎಲ್ಲವೂ ಕಾಣುವ ಜಾಗ ಅದು.

ಅಪ್ಪ ತೀರಿಕೊಂಡ ವರ್ಷ ನಾವು ಭಾನುವಾರ ಬಂತೆಂದರೆ ನೀರಿಗೆ ಇಳಿಯುತ್ತಿದ್ದೆವು, ಅಲ್ವಾ? ನಾನು ಮುಂದೆ ಕೂತು ಅಳುತ್ತಿದ್ದೆ. ಮುಖ ಆ ಕಡೆ ಇದೆ, ಯಾರಿಗೂ ಕಾಣುವುದಿಲ್ಲ ಅನ್ನುವ ಧೈರ್ಯ. ನಿನಗೆ ಎಲ್ಲ ಗೊತ್ತಾಗುತ್ತಿತ್ತು. ಅದಕ್ಕೇ ಆಗ ನೀನು ಏನೂ ಕೇಳದೆ, ದಡದ ಕಡೆಗೂ ತಿರುಗಿಸದೆ ಸೇತುವೆ ದಾಟಿಸಿ ಇನ್ನೂ ಒಂದು ಸುತ್ತು ಕರೆದುಕೊಂಡು ಹೋಗುತ್ತಿದ್ದೆ. ಇದು ತಿಳಿದ ಮೇಲೆ ಆ ಖಾಲಿ ಸೀಟನ್ನು ನೋಡುತ್ತಾ ಹುಟ್ಟು ಹಾಕುವುದು ನನ್ನಿಂದಾಗಲಿಲ್ಲ. ಬೋರ್ಡಿನಲ್ಲಿ ಸೀಟೇ ಇಲ್ಲ. ಕಲಿಯಲು ಹೊರಟದ್ದು ಅದಕ್ಕೇ.

ಇಷ್ಟೆಲ್ಲ ಬರೆಯುವ ಯೋಚನೆ ಇರಲಿಲ್ಲ. ಓದುತ್ತಿರುವ ಉಳಿದವರು ಮೇಲಿನ ಎರಡು ಪ್ಯಾರಾ ಬಿಟ್ಟುಬಿಡಿ, ಅದು ಇವನಿಗೆ ಮಾತ್ರ.

ಡಿಸೆಂಬರಿನಲ್ಲಿ ಬಾ. ಬೆಳಿಗ್ಗೆ ಬೇಗ ಇಳಿಯೋಣ, ಆಮೇಲೆ ಗೋಳಿಬಜೆ. ಹುಟ್ಟಿನ ಉದ್ದ ನಿಂತವರ ಎತ್ತರಕ್ಕಿಂತ 20-25 ಸೆಂಟಿಮೀಟರ್ ಜಾಸ್ತಿ ಇರಬೇಕು. ಆದ್ದರಿಂದ ನಿನ್ನ ಎತ್ತರ ಅಳೆದು ಕಳಿಸು. ಎಲ್ಲರ ಹತ್ತಿರ ಹೇಳುತ್ತಿದ್ದೆಯಲ್ಲ, ಅದು ಬೇಡ.